ಗಡಿಯಲ್ಲಿ ಮಡಿದ ಕೂಲಿಯವರ ಮಗ: ಇಡಿಗಂಟು ಕೈಸೇರಿದ ಮೇಲೂ ಉಳಿಯುವ ಪಿಂಚಣಿ ಪ್ರಶ್ನೆ

2025ರ ಮೇ 9ರಂದು, ಆಪರೇಷನ್ ಸಿಂಧೂರದ ಬೆನ್ನಿಗೇ ಗಡಿ ನಿಯಂತ್ರಣ ರೇಖೆಯಲ್ಲಿ ಪಾಕಿಸ್ತಾನದ ಶೆಲ್ ದಾಳಿ ಜೋರಾಗಿದ್ದಾಗ, ಅಗ್ನಿವೀರ, ಅಂದರೆ ನಾಲ್ಕೇ ವರ್ಷದ ಸೇವೆಗೆ ಸೇನೆ ಸೇರಿದ ಮುರಳಿ ನಾಯಕ್ ಜಮ್ಮು-ಕಾಶ್ಮೀರದಲ್ಲಿ ಪ್ರಾಣ ಬಿಟ್ಟರು. ಊರು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯ ಗೋರಂಟ್ಲ ಮಂಡಲದ ಕಲ್ಲಿ ತಾಂಡಾ. ನಮ್ಮ ಬಾಗೇಪಲ್ಲಿ ಕಡೆಯಿಂದ ರಾಜ್ಯದ ಗಡಿ ದಾಟಿದರೆ ಸಿಗುವ ಸೀಮೆ ಅದು. ಅಪ್ಪ ಅಮ್ಮ ಹೊಟ್ಟೆಪಾಡಿಗೆ ಮುಂಬೈ ಸೇರಿದ್ದವರು. ಅಪ್ಪನದು ಕಟ್ಟಡ ಕೂಲಿ, ಅಮ್ಮನದು ಮನೆಗೆಲಸ. ಇದ್ದವನು ಒಬ್ಬನೇ ಮಗ.

ಅಂತ್ಯಕ್ರಿಯೆಯ ದಿನ ಆಂಧ್ರ ಸರ್ಕಾರ 50 ಲಕ್ಷ ರೂಪಾಯಿ, 5 ಎಕರೆ ಜಮೀನು, 300 ಚದರ ಗಜದ ನಿವೇಶನ, ಮನೆಯವರೊಬ್ಬರಿಗೆ ಸರ್ಕಾರಿ ಕೆಲಸ ಎಂದು ಘೋಷಿಸಿತು. ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ತಮ್ಮ ಕಡೆಯಿಂದ ಬೇರೆ 25 ಲಕ್ಷ ಕೊಡುವುದಾಗಿ ಹೇಳಿದರು. ಸುದ್ದಿ ಓದಿದವರಿಗೆ ಆ ಮನೆಯ ಪಾಡು ಅಲ್ಲಿಗೆ ಬಗೆಹರಿಯಿತು ಅನ್ನಿಸಿದ್ದರೆ ತಪ್ಪೇನಲ್ಲ. ಆದರೆ ಅದೇ ವರ್ಷ ಆ ತಾಯಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಅವರು ಕೇಳಿದ್ದು ಇನ್ನೊಂದು ಇಡಿಗಂಟನ್ನಲ್ಲ. ಅದೇ ಗಡಿಯಲ್ಲಿ, ಅದೇ ಶೆಲ್ಲಿಗೆ ಸಿಕ್ಕಿ ಕಾಯಂ ಸಿಪಾಯಿಯೊಬ್ಬ ಸತ್ತರೆ ಅವನ ಮನೆಯವರಿಗೆ ತಿಂಗಳು ತಿಂಗಳು ಬರುವ ಪಿಂಚಣಿ ತಮಗೇಕಿಲ್ಲ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ಸೈನಿಕನೊಬ್ಬ ಸತ್ತ ಮೇಲೆ ಹಣ ಯಾವ ಯಾವ ದಾರಿಯಲ್ಲಿ ಮನೆಗೆ ಬರುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಸಾವಿಗೆ ಬೀಳುವ ಮೊಹರು

ಕಾಯಂ ಸೈನಿಕನ ಸಾವನ್ನು ರಕ್ಷಣಾ ಸಚಿವಾಲಯ ಪಿಂಚಣಿಯ ಲೆಕ್ಕಕ್ಕಾಗಿ ‘ಎ’ಯಿಂದ ‘ಇ’ವರೆಗೆ ಐದು ವರ್ಗ ಮಾಡಿದೆ. 2001ರ ಜನವರಿಯ ಆದೇಶದಲ್ಲಿ ಈ ವಿಂಗಡಣೆ ಇದೆ. ಸೇವೆಗೆ ಸಂಬಂಧವೇ ಇಲ್ಲದ ಕಾಯಿಲೆಯಿಂದ ಸತ್ತರೆ ‘ಎ’. ಸೇವೆಯ ಕಾರಣಕ್ಕೆ ಬಂದ ಅಥವಾ ಉಲ್ಬಣಿಸಿದ ಕಾಯಿಲೆಯಾದರೆ ‘ಬಿ’. ಕರ್ತವ್ಯದಲ್ಲಿದ್ದಾಗಿನ ಅಪಘಾತ ‘ಸಿ’. ಉಗ್ರರು, ಸಮಾಜಘಾತುಕರ ಹಿಂಸೆಗೆ ಬಲಿಯಾದರೆ ‘ಡಿ’. ಯುದ್ಧ, ಯುದ್ಧದಂಥ ಸನ್ನಿವೇಶ, ಗಡಿ ಚಕಮಕಿಗಳೆಲ್ಲ ‘ಇ’.

ಒಂದು ಅಕ್ಷರ ಹಿಂದೆ ಮುಂದೆ ಆದರೆ ಮನೆಗೆ ಬರುವ ಮೊತ್ತ ಅರ್ಧಕ್ಕೆ ಇಳಿಯಬಹುದು. ‘ಎ’ ವರ್ಗಕ್ಕೆ ಸಾಮಾನ್ಯ ಕುಟುಂಬ ಪಿಂಚಣಿ: ಕೊನೆಯ ವೇತನದ 30%, ಮೊದಲ 10 ವರ್ಷ ಮಾತ್ರ 50%. ‘ಬಿ’, ‘ಸಿ’ ವರ್ಗಕ್ಕೆ ವಿಶೇಷ ಕುಟುಂಬ ಪಿಂಚಣಿ, 60%. ‘ಡಿ’, ‘ಇ’ ವರ್ಗಕ್ಕೆ ಲಿಬರಲೈಸ್ಡ್ ಕುಟುಂಬ ಪಿಂಚಣಿ. ಕೊನೆಯ ವೇತನ ಎಷ್ಟಿತ್ತೋ ಅಷ್ಟೂ, ಅಂದರೆ 100%. ವೇತನ ಅಂದರೆ ಇಲ್ಲಿ ಮೂಲ ವೇತನ ಮತ್ತು ಮಿಲಿಟರಿ ಸರ್ವಿಸ್ ಪೇ ಸೇರಿ. ಅದರ ಮೇಲೆ ತುಟ್ಟಿಭತ್ಯೆ ಬೇರೆ.

ವರ್ಗ ಯಾವುದೆಂದು ತೀರ್ಮಾನವಾಗುವುದು ಘಟಕ ಕಳಿಸುವ ಮೊದಲ ವರದಿ ಮತ್ತು ಅದರ ಮೇಲಿನ ವಿಚಾರಣೆಯಿಂದ. ಶೆಲ್ ಸಿಡಿದು ಸತ್ತರೆ ತಕರಾರಿರುವುದಿಲ್ಲ. ಗೊಂದಲ ಹುಟ್ಟುವುದು ಅಂಚಿನ ಪ್ರಕರಣಗಳಲ್ಲಿ: ಎತ್ತರದ ಠಾಣೆಯಲ್ಲಿ ಉಸಿರು ಕಟ್ಟಿ ಸತ್ತವನು, ಗಸ್ತಿಗೆ ಹೋಗುವಾಗ ಕಣಿವೆಗೆ ಉರುಳಿದವನು, ಕಾರ್ಯಾಚರಣೆ ಪ್ರದೇಶದಲ್ಲಿದ್ದಾಗ ಹೃದಯಾಘಾತವಾದವನು. ಇಂಥ ಸಾವುಗಳಲ್ಲಿ ‘ಬ್ಯಾಟಲ್ ಕ್ಯಾಶುವಲ್ಟಿ’ (ಯುದ್ಧ, ಕಾರ್ಯಾಚರಣೆಯ ಸಾವು) ಎಂದು ದಾಖಲಾಯಿತೋ ‘ಫಿಸಿಕಲ್ ಕ್ಯಾಶುವಲ್ಟಿ’ (ಉಳಿದ ಕಾರಣದ ಸಾವು) ಎಂದಾಯಿತೋ ಎಂಬುದನ್ನು ಮನೆಯವರು ಮೊದಲ ತಿಂಗಳಲ್ಲೇ ಕೇಳಿ ಬರಹದಲ್ಲಿ ಪಡೆಯಬೇಕು. ಊರಲ್ಲಿ ಫ್ಲೆಕ್ಸ್ ಹಾಕಿ ಹುತಾತ್ಮ ಎಂದು ಕರೆದದ್ದಕ್ಕೂ ಕಡತದ ಈ ಪದಕ್ಕೂ ಸಂಬಂಧವಿಲ್ಲ.

ಸಿಯಾಚಿನ್ನಂಥ ಕಡೆ ಹಿಮಪಾತ, ಚಳಿಗೆ ಸತ್ತವರ ವಿಷಯದಲ್ಲಿ ನಿಯಮ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಕೇಂದ್ರದ ಅನುಗ್ರಹ ಪರಿಹಾರ, ಅಂದರೆ ಎಕ್ಸ್‌ಗ್ರೇಷಿಯಾ, ಏಳನೇ ವೇತನ ಆಯೋಗದ ನಂತರ ಹೀಗಿದೆ: ಕರ್ತವ್ಯದ ಅಪಘಾತಕ್ಕೂ ಉಗ್ರರ ಹಿಂಸೆಗೂ 25 ಲಕ್ಷ, ಗಡಿ ಚಕಮಕಿ, ಉಗ್ರರ ವಿರುದ್ಧದ ಕಾರ್ಯಾಚರಣೆ, ಅತಿ ಎತ್ತರದ ಠಾಣೆಗಳ ಹವಾಮಾನದಿಂದಾದ ಸಾವಿಗೆ 35 ಲಕ್ಷ, ಯುದ್ಧ ಅಥವಾ ಯುದ್ಧದಂಥ ಸಂದರ್ಭದಲ್ಲಿ ಶತ್ರುವಿನ ದಾಳಿಗೆ 45 ಲಕ್ಷ.

ಸಿಯಾಚಿನ್ ಮಾತು ಬಂದಾಗ ಕನ್ನಡಿಗರಿಗೆ 2016ರ ಫೆಬ್ರುವರಿ ನೆನಪಾಗದೆ ಇರದು. 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಧಾರವಾಡ, ಹಾಸನ, ಮೈಸೂರು ಜಿಲ್ಲೆಯವರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಿ, ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ದೇಶದ ಮೂಲೆಮೂಲೆಯಿಂದ ಜನ ಹಣ ಕಳಿಸಲು ಮುಂದಾದರು. ಅದನ್ನು ಪಡೆದು ಹಂಚಲು ಸರಿಯಾದ ವ್ಯವಸ್ಥೆ ಇರಲಿಲ್ಲ. ‘ಆರ್ಮಿ ಬ್ಯಾಟಲ್ ಕ್ಯಾಶುವಲ್ಟೀಸ್ ವೆಲ್ಫೇರ್ ಫಂಡ್’ ಹುಟ್ಟಿದ್ದು ಹಾಗೆ. ಮೊದಲು 2 ಲಕ್ಷವಿದ್ದ ಅದರ ನೆರವನ್ನು 2019ರಲ್ಲಿ 8 ಲಕ್ಷಕ್ಕೆ ಏರಿಸಿದರು.

ಅಗ್ನಿವೀರನ ಲೆಕ್ಕ ಬೇರೆ

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ. ಸಂಬಳ ಮೊದಲ ವರ್ಷ ತಿಂಗಳಿಗೆ 30,000, ಆಮೇಲೆ 33,000, 36,500, 40,000. ಇದರಲ್ಲಿ 30% ಸೇವಾನಿಧಿಗೆ, ಅಂದರೆ ಸೇವೆ ಮುಗಿದಾಗ ಒಟ್ಟಿಗೆ ಸಿಗುವ ಉಳಿತಾಯಕ್ಕೆ ಕಡಿತವಾಗುತ್ತದೆ, ಅಷ್ಟೇ ಮೊತ್ತವನ್ನು ಸರ್ಕಾರವೂ ಹಾಕುತ್ತದೆ. ಅಂದರೆ ಮೊದಲ ವರ್ಷ ಕೈಗೆ ಸಿಗುವುದು 21,000. ಊರಿಗೆ ದುಡ್ಡು ಕಳಿಸುವ ಹುಡುಗ ಅದರಲ್ಲೇ ಕಳಿಸಬೇಕು.

ಸತ್ತರೆ? ಇಲ್ಲಿ ಐದರ ಬದಲು ಮೂರು ವರ್ಗ: ‘ಎಕ್ಸ್’, ‘ವೈ’, ‘ಝಡ್’. ಸೇವೆಗೆ ಸಂಬಂಧವಿಲ್ಲದ ಸಾವು ‘ಎಕ್ಸ್’. ಅದಕ್ಕೆ 48 ಲಕ್ಷದ ವಿಮೆ ಮತ್ತು ಅಲ್ಲಿಯವರೆಗಿನ ಸೇವಾನಿಧಿ. ಸೇವೆಯ ಕಾರಣದ ಸಾವು, ಅಪಘಾತವಿರಲಿ ಶತ್ರುವಿನ ಗುಂಡಿರಲಿ, ‘ವೈ’ ಅಥವಾ ‘ಝಡ್’. ಅದಕ್ಕೆ 48 ಲಕ್ಷ ವಿಮೆ, 44 ಲಕ್ಷ ಎಕ್ಸ್‌ಗ್ರೇಷಿಯಾ, 4 ವರ್ಷ ತುಂಬಲು ಬಾಕಿ ಉಳಿದ ಅವಧಿಯ ಸಂಬಳ ಮತ್ತು ಸೇವಾನಿಧಿ. ಎರಡು ವರ್ಷ ಮುಗಿಸಿ ಸತ್ತವನ ಮನೆಗೆ ಉಳಿದೆರಡು ವರ್ಷದ ಸಂಬಳವೆಂದು 9.18 ಲಕ್ಷ ಬರಬೇಕು (36,500 ಮತ್ತು 40,000ವನ್ನು ತಲಾ 12ರಿಂದ ಗುಣಿಸಿ ಕೂಡಿದರೆ ಸಿಗುವ ಮೊತ್ತ). ಬ್ಯಾಟಲ್ ಕ್ಯಾಶುವಲ್ಟಿ ಆಗಿದ್ದರೆ ಮೇಲೆ ಹೇಳಿದ ನಿಧಿಯಿಂದ 8 ಲಕ್ಷ. 2023ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಅಗ್ನಿವೀರರೊಬ್ಬರು ಸಿಯಾಚಿನ್‌ನಲ್ಲಿ ತೀರಿಕೊಂಡಾಗ ಸೇನೆಯೇ ಈ ಬಾಬತ್ತುಗಳನ್ನು ಸಾರ್ವಜನಿಕವಾಗಿ ಪಟ್ಟಿ ಮಾಡಿತ್ತು. 2024ರ ಜನವರಿಯಲ್ಲಿ ನೆಲಬಾಂಬಿಗೆ ಬಲಿಯಾದ ಪಂಜಾಬಿನ ಅಗ್ನಿವೀರನ ವಿಷಯ ಸಂಸತ್ತಿನಲ್ಲಿ ಗದ್ದಲವಾದಾಗ, ಒಟ್ಟು ಸುಮಾರು 1.65 ಕೋಟಿ ಸಲ್ಲಬೇಕಿದೆ, ಅದರಲ್ಲಿ 98.39 ಲಕ್ಷ ಆಗಲೇ ಸಂದಿದೆ ಎಂದಿತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಇಡಿಗಂಟಿನ ಮಟ್ಟಿಗೆ ಅಗ್ನಿವೀರನ ಮನೆಗೆ ದೊಡ್ಡ ಅನ್ಯಾಯವಾಗುತ್ತಿಲ್ಲ. ಕಾಯಂ ಸಿಪಾಯಿ ಲಾರಿ ಪಲ್ಟಿಯಾಗಿ ಸತ್ತರೆ 25 ಲಕ್ಷ, ಅಗ್ನಿವೀರನಿಗೆ 44. ಕಾಯಂ ಸಿಪಾಯಿಯ ಗುಂಪು ವಿಮೆ 50 ಲಕ್ಷಕ್ಕೆ ಅವನು ತಿಂಗಳು ತಿಂಗಳು ಕಂತು ಕಟ್ಟುತ್ತಾನೆ, ಅಗ್ನಿವೀರನ 48 ಲಕ್ಷಕ್ಕೆ ಕಂತಿಲ್ಲ. ಹಾಗಾಗಿ ‘ಅಗ್ನಿವೀರರಿಗೆ ಏನೂ ಕೊಡುವುದಿಲ್ಲ’ ಎನ್ನುವ ಭಾಷಣವೂ ಸುಳ್ಳೇ, ‘ಒಂದು ಕೋಟಿಗೂ ಮೀರಿ ಕೊಟ್ಟಿದ್ದೇವೆ, ಇನ್ನೇನು ಬೇಕು’ ಎನ್ನುವುದು ಅರ್ಧ ಸತ್ಯ. ಮುಚ್ಚಿಹೋಗುವ ಇನ್ನರ್ಧ ಪಿಂಚಣಿ. ಯೋಜನೆಯ ಷರತ್ತಿನಲ್ಲೇ ಇದೆ: ಗ್ರಾಚ್ಯುಟಿ ಇಲ್ಲ, ಯಾವ ಬಗೆಯ ಪಿಂಚಣಿಯೂ ಇಲ್ಲ.

ಆ ಇನ್ನರ್ಧ ಎಷ್ಟು ದೊಡ್ಡದು? ಎರಡು ಇನ್‌ಕ್ರಿಮೆಂಟ್ ಪಡೆದ ಕಾಯಂ ಸಿಪಾಯಿಯ ಮೂಲ ವೇತನ 23,100. ಮಿಲಿಟರಿ ಸರ್ವಿಸ್ ಪೇ 5,200. ಒಟ್ಟು 28,300. ಮದುವೆಯಾಗಿದ್ದು ಯುದ್ಧದಲ್ಲಿ ಸತ್ತರೆ ಹೆಂಡತಿಗೆ ಅಷ್ಟೂ 28,300, ಅದಕ್ಕೆ 2025ರ ಜುಲೈ ದರದ 58% ತುಟ್ಟಿಭತ್ಯೆ ಸೇರಿ ತಿಂಗಳಿಗೆ 44,714 ರೂಪಾಯಿ. ಮದುವೆಯಾಗದೆ ಸತ್ತರೆ ತಂದೆತಾಯಿಗೆ, ಇಬ್ಬರೂ ಇದ್ದಲ್ಲಿ ಇದರ 75%, ಒಬ್ಬರೇ ಇದ್ದಲ್ಲಿ 60%. ಅವರಿಗೆ ಬೇರೆ ಆದಾಯ ಇದೆಯೋ ಇಲ್ಲವೋ ಎಂದು ಈ ವರ್ಗದಲ್ಲಿ ಕೇಳುವಂತಿಲ್ಲ. ಇಬ್ಬರಿಗೆ ಸೇರಿ ತಿಂಗಳಿಗೆ 33,500ರಷ್ಟು, ಒಬ್ಬರಿಗೆ 26,800ರಷ್ಟು. 20ರ ಆಸುಪಾಸಿನಲ್ಲಿ ಸತ್ತ ಹುಡುಗನ ತಾಯಿಗೆ ವಯಸ್ಸು 45 ಇರಬಹುದು, ಇನ್ನೂ 30 ವರ್ಷ ಬದುಕಬೇಕಾದವಳು. ತಂದೆತಾಯಿ ಇಬ್ಬರೂ ಇದ್ದರೆ, ಒಂದು ರೂಪಾಯಿಯೂ ಏರಲಿಲ್ಲ ಎಂದಿಟ್ಟುಕೊಂಡರೂ 30 ವರ್ಷಕ್ಕೆ 1.2 ಕೋಟಿ. ಏರದೆ ಇರುವುದಿಲ್ಲ, ತುಟ್ಟಿಭತ್ಯೆ ವರ್ಷಕ್ಕೆರಡು ಸಲ ಪರಿಷ್ಕರಣೆಯಾಗುತ್ತದೆ, ವೇತನ ಆಯೋಗ ಬಂದಾಗಲೆಲ್ಲ ಮೂಲ ಮೊತ್ತವೇ ಬದಲಾಗುತ್ತದೆ. ಜೊತೆಗೆ ಯುದ್ಧದಲ್ಲಿ ಮಡಿದವರ ಕುಟುಂಬ ಪಿಂಚಣಿಗೆ ಆದಾಯ ತೆರಿಗೆ ಇಲ್ಲ.

ಇಡಿಗಂಟನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ತಿನ್ನಬಹುದಲ್ಲ ಎಂಬ ವಾದವಿದೆ. 92 ಲಕ್ಷಕ್ಕೆ 7% ಬಡ್ಡಿ ಸಿಕ್ಕರೆ ತಿಂಗಳಿಗೆ 53,000 ದಾಟುತ್ತದೆ, ನಿಜ. ಆದರೆ ಆ ಬಡ್ಡಿ 10 ವರ್ಷದ ಮೇಲೂ ಅಷ್ಟೇ ಇರುತ್ತದೆ, ಅಕ್ಕಿ ಬೆಲೆ ಹಾಗಿರುವುದಿಲ್ಲ. ಹೆಚ್ಚಿನ ಬಡ್ಡಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯವಾಗಿ 60 ತುಂಬಿರಬೇಕು, ಮಿತಿಯೂ 30 ಲಕ್ಷ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರಿಗೆ 9 ಲಕ್ಷ, ಜಂಟಿಯಾಗಿ 15 ಲಕ್ಷಕ್ಕಿಂತ ಹೆಚ್ಚು ಇಡಲಾಗದು. ಇದಕ್ಕಿಂತ ದೊಡ್ಡ ತೊಡಕು ಮನೆಯೊಳಗಿನದು. ಕೂಲಿ ಮಾಡಿ ಬದುಕಿದ ಮನೆಗೆ ಒಮ್ಮೆಲೇ ಇಷ್ಟು ಹಣ ಬಂದಿದ್ದು ಊರಿಗೆಲ್ಲ ಗೊತ್ತಿರುತ್ತದೆ. ಪತ್ರಿಕೆಯಲ್ಲೇ ಮೊತ್ತ ಅಚ್ಚಾಗಿರುತ್ತದೆ. ಹಳೆ ಸಾಲ, ನೆಂಟರ ಕೈಗಡ, ಮನೆ ಕಟ್ಟುವ ಆಸೆ, ಕಮಿಷನ್ನಿಗಾಗಿ ವಿಮೆ ಪಾಲಿಸಿ ತಗುಲಿಸುವ ಏಜೆಂಟು, ಎಲ್ಲರೂ ಅದೇ ಗಂಟಿನತ್ತ ನೋಡುತ್ತಾರೆ. ಪಿಂಚಣಿಯನ್ನು ಹೀಗೆ ಒಂದೇ ಏಟಿಗೆ ಕರಗಿಸಲು ಬರುವುದಿಲ್ಲ. ಕಾಯಂ ಸೈನಿಕನ ಮನೆಗೆ ಗಂಟೂ ಬರುತ್ತದೆ, ಪಿಂಚಣಿಯೂ ಬರುತ್ತದೆ ಎಂಬುದನ್ನು ಮರೆತು ಬಡ್ಡಿ ಲೆಕ್ಕ ಹೇಳುವುದರಲ್ಲಿ ಅರ್ಥವಿಲ್ಲ.

ಷರತ್ತಿಗೆ ಒಪ್ಪಿ ಸಹಿ ಹಾಕಿ ಬಂದವರು ಅವರು ಎಂಬುದು ಅಗ್ನಿಪಥವನ್ನು ಸಮರ್ಥಿಸುವವರ ಇನ್ನೊಂದು ಮಾತು. 4 ವರ್ಷದ ಸೇವೆಗೆ ನಿವೃತ್ತಿ ಪಿಂಚಣಿ ಬೇಕೆಂದರೆ ಆ ಉತ್ತರ ಸಲ್ಲುತ್ತದೆ. ಯುದ್ಧದ ಸಾವಿಗೆ ಕೊಡುವ ಕುಟುಂಬ ಪಿಂಚಣಿ ಎಂದೂ ಸೇವಾವಧಿಯನ್ನು ನೋಡಿ ಕೊಟ್ಟದ್ದಲ್ಲ. ಕಾಯಂ ಸಿಪಾಯಿ ತರಬೇತಿ ಮುಗಿಸಿ ಠಾಣೆಗೆ ಬಂದ ಮೊದಲ ವಾರದಲ್ಲೇ ಗುಂಡಿಗೆ ಬಿದ್ದರೂ 100% ಸಿಗುತ್ತದೆ. ಅಗ್ನಿವೀರನೂ ಅದೇ ಬಂಕರಿನಲ್ಲಿ ನಿಲ್ಲುವುದರಿಂದ, ಈ ಒಂದು ಪಿಂಚಣಿಯನ್ನು ತಡೆಯಲು ಅವಧಿಯ ವಾದ ಸಾಲದು. ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿ ಕೂಡ 2024ರ ಫೆಬ್ರುವರಿಯಲ್ಲಿ, ಕರ್ತವ್ಯದಲ್ಲಿ ಮಡಿದ ಅಗ್ನಿವೀರರ ಕುಟುಂಬಕ್ಕೆ ಕಾಯಂ ಸೈನಿಕರ ಕುಟುಂಬದಷ್ಟೇ ಸೌಲಭ್ಯ ಕೊಡಿ ಎಂದು ಶಿಫಾರಸು ಮಾಡಿತ್ತು. ಅದರ ಅಧ್ಯಕ್ಷರು ಆಡಳಿತ ಪಕ್ಷದವರೇ.

ಹೆಂಡತಿಯೋ, ತಾಯಿಯೋ

ಕಾಯಂ ಸೈನಿಕರ ಮನೆಗಳಲ್ಲಿ ಜಗಳ ಏಳುವ ಜಾಗ ಬೇರೆ. ಮದುವೆಯಾಗುವವರೆಗೆ ಸೇನೆಯ ದಾಖಲೆಯ ‘ನೆಕ್ಸ್ಟ್ ಆಫ್ ಕಿನ್’ (ಹತ್ತಿರದ ಬಂಧು) ಕಾಲಂನಲ್ಲಿ ಅಪ್ಪ ಅಮ್ಮನ ಹೆಸರಿರುತ್ತದೆ, ಮದುವೆಯಾದ ಮೇಲೆ ಹೆಂಡತಿಯದು. ಪಿಂಚಣಿಯ ಮೊದಲ ಹಕ್ಕು ಅವಳದೇ. ವಿಮೆ ಮಾತ್ರ ಹಾಗಲ್ಲ. ಸೈನಿಕ ನಾಮಿನಿ ಫಾರಂನಲ್ಲಿ ಯಾರಿಗೆ ಎಷ್ಟು ಪಾಲು ಎಂದು ಬರೆದಿದ್ದಾನೋ ಹಾಗೆ ಹಂಚಿಕೆ. ಬ್ಯಾಂಕಿನ ಉಳಿತಾಯ, ಆಸ್ತಿಗಳಿಗೆ ಉತ್ತರಾಧಿಕಾರ ಕಾನೂನು ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು, ತಾಯಿ ಮೊದಲ ದರ್ಜೆಯ ವಾರಸುದಾರರು. ತಂದೆ ಎರಡನೇ ದರ್ಜೆ! ಇದು ಎಷ್ಟೋ ಅಪ್ಪಂದಿರಿಗೆ ಗೊತ್ತಾಗುವುದು ತಹಶೀಲ್ದಾರರ ಕಚೇರಿಯಲ್ಲಿ.

ಸಿಯಾಚಿನ್‌ನಲ್ಲಿ 2023ರ ಜುಲೈಯಲ್ಲಿ ಮಡಿದು ಕೀರ್ತಿಚಕ್ರ ಪಡೆದ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರ ತಂದೆತಾಯಿ ಮರುವರ್ಷ ಈ ನಿಯಮ ಬದಲಿಸಿ ಎಂದು ಕೇಳಿದಾಗ ದೇಶವೆಲ್ಲ ಚರ್ಚೆಯಾಯಿತು. ಅವರ ಪ್ರಕರಣದಲ್ಲಿ 1 ಕೋಟಿ ವಿಮೆ ಹೆಂಡತಿಗೂ ತಂದೆತಾಯಿಗೂ ಅರ್ಧರ್ಧ ಹೋಗಿತ್ತು. ಉತ್ತರ ಪ್ರದೇಶ ಸರ್ಕಾರದ 50 ಲಕ್ಷದಲ್ಲಿ 35 ಹೆಂಡತಿಗೆ, 15 ತಂದೆತಾಯಿಗೆ. ಪಿಂಚಣಿ ಹೆಂಡತಿಗೆ. ಪಿಂಚಣಿಯನ್ನೂ ಹಂಚುವ ಪ್ರಸ್ತಾವ ಸೇನೆಯಿಂದ ಬಂದಿದೆ, ಪರಿಶೀಲನೆಯಲ್ಲಿದೆ ಎಂದು 2024ರ ಆಗಸ್ಟಿನಲ್ಲಿ ಸರ್ಕಾರ ಲೋಕಸಭೆಗೆ ತಿಳಿಸಿತು.

ಅತ್ತೆ ಸೊಸೆಯರ ಕಥೆಯಾಗಿ ಇದನ್ನು ಟೀವಿಗಳು ಉಬ್ಬಿಸುತ್ತವೆ. ಮೂಲ ಕಾರಣ ಮನೆಯ ಆರ್ಥಿಕ ಕಟ್ಟು. ಒಬ್ಬನ ಸಂಬಳದಲ್ಲಿ ಅಪ್ಪ ಅಮ್ಮ, ತಂಗಿಯ ಮದುವೆ, ಹೆಂಡತಿ ಮಕ್ಕಳು ಎಲ್ಲ ನಡೆಯುತ್ತಿದ್ದ ಮನೆಯಲ್ಲಿ ಅವನು ಹೋದ ಮೇಲೆ ಹಣ ಒಬ್ಬರ ಖಾತೆಗೆ ಬೀಳುತ್ತದೆ. 22ರ ವಿಧವೆಯನ್ನು ಮೈದುನನಿಗೆ ಕೊಟ್ಟು ಮದುವೆ ಮಾಡಿ ‘ಹಣ ಮನೆಯಲ್ಲೇ ಉಳಿಯಲಿ’ ಎನ್ನುವ ಒತ್ತಾಯದ ಹಿಂದೆ ಇರುವುದೂ ಇದೇ. ಸರ್ಕಾರದ ನಿಯಮವೇ ಈ ಒತ್ತಾಯಕ್ಕೆ ಇಂಬು ಕೊಟ್ಟ ಕಾಲವೂ ಇತ್ತು: ಶೌರ್ಯ ಪದಕದ ಮಾಸಿಕ ಭತ್ಯೆ ಮರುಮದುವೆಯ ನಂತರ ಮುಂದುವರಿಯಬೇಕಾದರೆ ವಿಧವೆ ಸತ್ತ ಗಂಡನ ತಮ್ಮ ಅಥವಾ ಅಣ್ಣನನ್ನೇ ಮದುವೆಯಾಗಬೇಕಿತ್ತು. ಆ ಷರತ್ತನ್ನು ತೆಗೆದಿದ್ದು 2017ರ ನವೆಂಬರಿನಲ್ಲಿ. ಇಂದು ಮರುಮದುವೆಯಾದ ಮಾತ್ರಕ್ಕೆ ಲಿಬರಲೈಸ್ಡ್ ಪಿಂಚಣಿ ನಿಲ್ಲುವುದಿಲ್ಲ. ಮೊದಲ ಗಂಡನ ಮಕ್ಕಳನ್ನು ಸಾಕುತ್ತಿದ್ದರೆ ಪೂರ್ತಿ ಮುಂದುವರಿಯುತ್ತದೆ. ಕೈಬಿಟ್ಟರೆ ಅವಳ ಪಾಲು 30%ಗೆ ಇಳಿಯುತ್ತದೆ. ಇದನ್ನು ವಿಧವೆಗೆ ಯಾರಾದರೂ ಸರಿಯಾಗಿ ಹೇಳಬೇಕು. ‘ಮದುವೆಯಾದರೆ ಎಲ್ಲ ಹೋಗುತ್ತೆ’ ಎಂದು ಹೆದರಿಸುವವರು ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ಕಾಗದ ಎಲ್ಲಿ ಕೈಕೊಡುತ್ತದೆ

ಪಿಂಚಣಿಯ ಕಡತ ಘಟಕದಿಂದ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಹೋಗುತ್ತದೆ: ಮರಾಠಾ ಲಘು ಪದಾತಿ ದಳದವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಫಿರಂಗಿ ದಳಕ್ಕೆ ನಾಸಿಕ್. ಅಲ್ಲಿಂದ ಪ್ರಯಾಗರಾಜದ ರಕ್ಷಣಾ ಪಿಂಚಣಿ ಕಚೇರಿಗೆ. ಮಂಜೂರಾದ ಮೇಲೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಸಿಗುತ್ತದೆ, ಹಣ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ‘ಸ್ಪರ್ಶ್’ ಮೂಲಕ ಖಾತೆಗೆ ಬರುತ್ತದೆ.

ತಡವಾಗುವುದು ಬಹುಪಾಲು ಹೆಸರಿನಿಂದ. ಸೇನೆಯ ದಾಖಲೆಯಲ್ಲಿ ‘ಲಕ್ಷ್ಮೀಬಾಯಿ’, ಆಧಾರ್‌ನಲ್ಲಿ ‘ಲಕ್ಷ್ಮವ್ವ’, ಬ್ಯಾಂಕಿನಲ್ಲಿ ಮತ್ತೊಂದು. ತವರಿನ ಅಡ್ಡಹೆಸರು ಒಂದು ಕಡೆ, ಗಂಡನ ಮನೆಯದು ಇನ್ನೊಂದು ಕಡೆ. ಎರಡನೆಯದು, ಮದುವೆಯಾದ ವಿಷಯ ‘ಪಾರ್ಟ್ ಟು ಆರ್ಡರ್’ (ಸೈನಿಕನ ವೈಯಕ್ತಿಕ ವಿವರಗಳನ್ನು ಸೇನೆಯ ದಾಖಲೆಗೆ ಸೇರಿಸುವ ಆದೇಶ) ಆಗಿ ದಾಖಲಾಗದೆ ಉಳಿದಿರುವುದು. ರಜೆಯಲ್ಲಿ ಬಂದು ತಾಳಿ ಕಟ್ಟಿ ಹೋದವನು, ಮದುವೆ ನೋಂದಣಿ ಪತ್ರ ಘಟಕಕ್ಕೆ ಕೊಡದೆ ಮುಂಚೂಣಿಗೆ ಹೋಗಿರುತ್ತಾನೆ. ಕಡತದ ಪ್ರಕಾರ ಅವನು ಅವಿವಾಹಿತ. ಹುಟ್ಟಿದ ಮಗುವಿನ ಹೆಸರು ಸೇರದೆ ಇರುವುದೂ ಇದೇ ಬಗೆಯ ತಪ್ಪು. ಮೂರನೆಯದು, ಮದುವೆಯ ಮೊದಲು ತುಂಬಿದ ವಿಮೆ ನಾಮಿನಿಯನ್ನು ಆಮೇಲೆ ಬದಲಿಸದೆ ಬಿಟ್ಟದ್ದು. ಮಗ ರಜೆಗೆ ಬಂದಾಗ ಮನೆಯವರು ಕೇಳಲು ಸಂಕೋಚಪಡುವ ವಿಷಯ ಇದು, ಅಪಶಕುನ ಎನ್ನುತ್ತಾರೆ. ಕೇಳಿಕೊಂಡರೆ ಒಂದು ಫಾರಂನಲ್ಲಿ ಮುಗಿಯುವ ಕೆಲಸ, ಕೇಳದಿದ್ದರೆ ಸಿವಿಲ್ ಕೋರ್ಟಿನ ತನಕ ಹೋಗುವಂಥದು.

ಸಾವಿನ ನಂತರ ಬೇಕಾಗುವುದು ಮರಣ ಪ್ರಮಾಣಪತ್ರದ ಹಲವು ಪ್ರತಿ, ನಾಡಕಚೇರಿಯಿಂದ ವಂಶವೃಕ್ಷ, ಆಧಾರ್, ಪ್ಯಾನ್, ಪಿಂಚಣಿ ಬರುವವರ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ. ಅತ್ತೆ ಮಾವನ ಜೊತೆ ಜಂಟಿ ಖಾತೆ ತೆರೆಯುವುದು ಬೇಡ. ಮುಂದಿನ ಜಗಳಗಳಿಗೆ ಅದೇ ಬೀಜ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಯಲ್ಲಿ ಹೆಸರು ನೋಂದಾಯಿಸಿದರೆ ಪತ್ರವ್ಯವಹಾರಕ್ಕೆ ಅವರ ನೆರವು ಸಿಗುತ್ತದೆ. ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಮರೆತರೆ ಪಿಂಚಣಿ ಸದ್ದಿಲ್ಲದೆ ನಿಲ್ಲುತ್ತದೆ, ಓದು ಬಾರದ ತಾಯಿಗೆ ಅದು ಗೊತ್ತಾಗುವುದು ಬ್ಯಾಂಕಿಗೆ ಹೋದಾಗಲೇ.

ರಾಜ್ಯ ಸರ್ಕಾರದ ಘೋಷಣೆಗಳ ಕಥೆ ಇನ್ನೊಂದು. ಕಾರ್ಗಿಲ್ ಯುದ್ಧದಲ್ಲಿ ಸೈನಿಕರ ಶವಗಳನ್ನು ಊರಿಗೆ ಕಳಿಸತೊಡಗಿದ ಮೇಲೆ ಅಂತ್ಯಕ್ರಿಯೆ ಸಾರ್ವಜನಿಕ ಸಮಾರಂಭವಾಯಿತು, ಜೊತೆಗೆ ಮೈಕಿನ ಮುಂದಿನ ಭರವಸೆಗಳೂ ಬಂದವು. ಹಣದ ಘೋಷಣೆ ಬೇಗ ಈಡೇರುತ್ತದೆ. ಚೆಕ್ ಕೊಡುವ ಫೋಟೋ ಎಲ್ಲರಿಗೂ ಬೇಕು. ಜಮೀನು ಮಾತ್ರ ಸರ್ವೆ ನಂಬರು, ಒತ್ತುವರಿ, ಗೋಮಾಳದ ತಕರಾರುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲಸದ ಭರವಸೆ ಮನೆಯಲ್ಲಿ ಓದಿದವರು ಇಲ್ಲದಿದ್ದರೆ ಹಾಗೇ ತೂಗಾಡುತ್ತದೆ. ಘೋಷಣೆಯಾದ ವಾರದೊಳಗೆ ಜಿಲ್ಲಾಧಿಕಾರಿಗೆ ಬರಹದಲ್ಲಿ ಅರ್ಜಿ ಕೊಟ್ಟು, ಆದೇಶ ಸಂಖ್ಯೆ ಕೇಳಿ ಪಡೆದ ಮನೆಗಳಿಗೆ ಜಮೀನು ಸಿಗುವ ಸಾಧ್ಯತೆ ಹೆಚ್ಚು.

ವರ್ಗ ತಪ್ಪಾಗಿ ದಾಖಲಾಗಿದ್ದರೆ ಮೊದಲು ರೆಕಾರ್ಡ್ ಆಫೀಸಿನ ಮೂಲಕ ಮೇಲ್ಮನವಿ, ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದ ಪ್ರಕರಣಗಳು ಬರುವುದು ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ. ಅಂತಿಮ ಆದೇಶ ಬಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಪಿಂಚಣಿ ತಿಂಗಳು ತಿಂಗಳೂ ತಪ್ಪುತ್ತಿರುವ ಹಕ್ಕಾದ್ದರಿಂದ ತಡವಾಗಿ ಹೋದವರನ್ನೂ ನ್ಯಾಯಮಂಡಳಿ ಕೇಳುತ್ತದೆ. ಆದರೆ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ ಪ್ರಕಾರ ಬಾಕಿ ಸಿಗುವುದು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷದ್ದು ಮಾತ್ರ. ಅದಕ್ಕೂ ಹಿಂದಿನದು ಗೆದ್ದ ಮೇಲೂ ಬರುವುದಿಲ್ಲ.